ಪಕ್ಕದ ಮನೆಯವರಿಗೆ ಹೇಳಿದ್ದೇ ಹೇಳಿದ್ದು, ಕೇಳಿದ್ದು ಯಾವಾಗ?

ಹೇಮಾವತಿ ದಡ (ಹಾಸನ)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯ ಇದು. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನವರ ನಡುವೆ, ಹೇಳಿಕೊಳ್ಳಲು ಸಂಕೋಚ. ಇಲ್ಲಿ ಬೇರೆ ಬೇರೆ ಸಭೆಯವರು, ಕ್ಯಾಥೊಲಿಕರು, ಕ್ರೈಸ್ತರಲ್ಲದವರೂ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಿದೆ, ಕ್ಷಮಿಸಿ.

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. 11 ವರ್ಷದಿಂದ ಹೀಗೇ ಇದ್ದೇವೆ. ನಾವು ಇಲ್ಲಿಗೆ ಬಂದಾಗ ನನ್ನ ಮಗ ಮೂರು ತಿಂಗಳ ಕೂಸು. ಅವನು ರಾತ್ರಿ ಅತ್ತರೆ ಪಕ್ಕದ ಮನೆ ಅಕ್ಕ ಓಮಿನ ನೀರು ಕಾಯಿಸಿ ತಂದು ಬಾಗಿಲು ತಟ್ಟುತ್ತಿದ್ದರು. ಅಂಥ ಹೆಂಗಸು.

ಹಾಸನಾಂಬೆ ಬಗ್ಗೆ ಊರಿನವರಿಗೆ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿಯ ಬಾಗಿಲು ತೆಗೆಯುತ್ತಾರೆ. ದೀಪಾವಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತಾರೆ. ಆಮೇಲೆ ದರ್ಶನ ಮುಂದಿನ ವರ್ಷವೇ. ಆ ದಿನಗಳಲ್ಲಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಅಕ್ಕ ಒಂದು ವರ್ಷವೂ ತಪ್ಪಿಸುವುದಿಲ್ಲ. ಬರುವಾಗ ನಮಗೂ ಒಂದು ಪೊಟ್ಟಣ ತರುತ್ತಾರೆ. ಮೊದಲ ವರ್ಷವೇ ನಾನು "ನಾವು ಪ್ರಸಾದ ತಗೊಳ್ಳಲ್ಲಕ್ಕ, ಬೇಜಾರು ಮಾಡ್ಕೋಬೇಡಿ" ಅಂದಿದ್ದೆ. ಅಲ್ಲಿಂದ ಪ್ರತಿ ವರ್ಷ ಅದೇ. ಅವರು ತರುವುದು, ನಾನು ಬಾಗಿಲಲ್ಲೇ ಬೇಡ ಅನ್ನುವುದು, ಅವರು ನಕ್ಕು ವಾಪಸ್ ಹೋಗುವುದು.

ಹೋದ ವಾರ ಅವರ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ ಅಂತ ತಿಳಿಯಿತು. ಸಮಾಧಾನ ಹೇಳೋಣ ಅಂತ ಹೋದೆ. ಅಕ್ಕ ಅಡುಗೆಮನೆ ನೆಲದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ ಅಂತ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ನಾನು ಎದುರಿಗೆ ಕೂತು ಮಾತು ಶುರು ಮಾಡಿದೆ. ಭಾರ ಹೊತ್ತವರನ್ನು ಯೇಸು ಹತ್ತಿರ ಕರೆದದ್ದು ಹೇಳಿದೆ. ನನ್ನ ಕಷ್ಟದಲ್ಲಿ ಪ್ರಾರ್ಥನೆ ಕೈ ಹಿಡಿದದ್ದು ಹೇಳಿದೆ. ನಮ್ಮ ಸಭೆಯ ಹುಡುಗಿಯೊಬ್ಬಳ ಬಾಳು ಸರಿಹೋದದ್ದು ಹೇಳಿದೆ. ಅರ್ಧ ಗಂಟೆ ಆಗಿರಬೇಕು. ಒಂದೂ ಸುಳ್ಳಲ್ಲ. ಎಲ್ಲವನ್ನೂ ಪ್ರೀತಿಯಿಂದಲೇ ಹೇಳಿದೆ.

ಅಕ್ಕ ಕೈ ನಿಲ್ಲಿಸಲಿಲ್ಲ. ಪಕ್ಕದಲ್ಲಿ ಸಿಪ್ಪೆ ಗುಡ್ಡೆಯಾಗುತ್ತಾ ಹೋಯಿತು. ಕೊನೆಗೆ ತಲೆ ಎತ್ತದೆ ಅಂದರು: "ನೀನು ತುಂಬಾ ಚೆನ್ನಾಗಿ ಹೇಳ್ತೀಯ ಕಣಮ್ಮ. ಬಂದಾಗಿಂದ ಹೇಳ್ತಾನೇ ಇದೀಯ. ಒಂದು ದಿನ ಕೇಳ್ಲಿಲ್ಲ."

ಆ ಮಾತು ನನ್ನನ್ನು ಬಿಡುತ್ತಿಲ್ಲ. ನಮ್ಮ ಭಾಷೆಯಲ್ಲಿ ಕೇಳುವುದು ಅಂದರೆ ಕಿವಿಗೊಡುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು. ಅಕ್ಕ ಯಾವುದನ್ನು ಹೇಳಿದರೋ ತಿಳಿಯದು. ನಾನು ಎರಡನ್ನೂ ಮಾಡಿಲ್ಲ. ಅಷ್ಟು ಹೊತ್ತು ಸಾಲಿನಲ್ಲಿ ನಿಂತು ಏನು ಬೇಡಿಕೊಳ್ಳುತ್ತಾರೆ? ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಒಪ್ಪಿಕೊಂಡ ಹಾಗೆ ಆಗಿಬಿಡುತ್ತದೆ ಅನ್ನುವ ಭಯ ಒಳಗೆ ಎಲ್ಲೋ ಇತ್ತು. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದನ್ನು ನಾನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ.

ನಿಮಗೆಲ್ಲ ಹೇಗೆ? ನಮ್ಮಂತಲ್ಲದವರ ಜೊತೆ ನೀವು ಹೇಗೆ ಮಾತಾಡುತ್ತೀರಿ? ದಯವಿಟ್ಟು ಬರೆಯಿರಿ.

ತೋಟದ ರೈಟರ್ (ಸಕಲೇಶಪುರ)

ಓದಿ ಸುಮ್ಮನೆ ಕೂತುಬಿಟ್ಟೆ ಅಕ್ಕ. ನಾನು ಕ್ಯಾಥೊಲಿಕ್. ನಮ್ಮ ಮನೆಯಲ್ಲಿ ಪ್ರಸಾದ ಬಂದರೆ ತೆಗೆದುಕೊಳ್ಳುತ್ತೇವೆ. ಕ್ರಿಸ್‌ಮಸ್‌ಗೆ ನಮ್ಮ ಕುಸ್ವಾರ್ (ಹಬ್ಬದ ತಿಂಡಿ) ತಟ್ಟೆ ಬೀದಿಗೆಲ್ಲ ಹೋಗುತ್ತದೆ. ಹಾಗಾಗಿ ನಾವು ಎಲ್ಲರ ಜೊತೆ ಚೆನ್ನಾಗಿದ್ದೇವೆ ಅಂತಲೇ ಅಂದುಕೊಂಡಿದ್ದೆ. ತಟ್ಟೆ ಹೋಗುತ್ತದೆ, ತಟ್ಟೆ ಬರುತ್ತದೆ. ಮಾತು ಮಾತ್ರ ಆ ತಟ್ಟೆಯ ಆಚೆಗೆ ಹೋಗಿದ್ದಿಲ್ಲ.

ನನ್ನದು ಬೇರೆ ಥರದ ತಪ್ಪು. ಈಗ ಕಾಫಿ ಕೊಯ್ಲಿಗೆ ಊರಿನ ಆಳು ಸಾಲುವುದಿಲ್ಲ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ತೋಟದ ಆಳುಗಳ ಸಾಲು ಮನೆಗಳಲ್ಲಿ, ಲೈನು ಮನೆಗಳಲ್ಲಿದ್ದಾರೆ. ನಾವು ಎಲ್ಲರನ್ನೂ ಒಟ್ಟಿಗೆ 'ಅಸ್ಸಾಂನವರು' ಅನ್ನುತ್ತೇವೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನು ನನಗೆ ಬಾಯಿಗೆ ಬಂದ ಹಾಗೆ ಮೊಟಕು ಮಾಡಿ ಬರೆಯುತ್ತಿದ್ದೆ. ಒಬ್ಬಳ ಹೆಸರನ್ನು ಎರಡು ಸೀಸನ್ ತಪ್ಪಾಗಿಯೇ ಕೂಗಿದ್ದೇನೆ. ಅವಳೂ ತಿದ್ದಲಿಲ್ಲ.

ಒಂದು ಡಿಸೆಂಬರ್ ಸಂಜೆ ಕಣದಿಂದ ಬರುತ್ತಿದ್ದೆ. ಕಾಫಿ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿಸಿ ಹೊರಟಿದ್ದೆ. ಲೈನು ಮನೆಯೊಳಗಿಂದ ಹಾಡು ಕೇಳಿಸಿತು. ಮಾತು ಒಂದೂ ತಿಳಿಯಲಿಲ್ಲ. ರಾಗ ಮಾತ್ರ ಗೊತ್ತು. ಪ್ರತಿ ಕ್ರಿಸ್‌ಮಸ್ ರಾತ್ರಿ ನಾನೇ ಹಾಡುವ ರಾಗ ಅದು. ಕತ್ತಲಲ್ಲಿ ಹಾಗೇ ನಿಂತುಬಿಟ್ಟೆ. ಜಾರ್ಖಂಡಿನಿಂದ ಬಂದ ನಾಲ್ಕು ಮನೆಯವರು ಕ್ರೈಸ್ತರು. ಹಾಡಿದ್ದು ಸಾದ್ರಿ ಭಾಷೆಯಲ್ಲಂತೆ. ನಮ್ಮ ಚರ್ಚು ಅಲ್ಲಿಂದ ನಾಲ್ಕು ಕಿಲೋಮೀಟರ್. ಎರಡು ವರ್ಷ ಭಾನುವಾರ ಭಾನುವಾರ ಅವರ ಲೈನಿನ ಮುಂದೆಯೇ ಬೈಕಿನಲ್ಲಿ ಪೂಜೆಗೆ ಹೋಗಿದ್ದೇನೆ.

ನಮ್ಮವರು ಅಲ್ಲ ಅಂತ ಕೇಳದೆ ಬಿಟ್ಟೆ. ನಮ್ಮವರು ಅಂತ ಗೊತ್ತಾದ ಮೇಲೆ ಓಡಿದೆ. ಎರಡನೆಯದೂ ನನಗೆ ಈಗ ಚುಚ್ಚುತ್ತದೆ. ಉಳಿದ ಮನೆಗಳವರ ಹೆಸರನ್ನು ಸರಿಯಾಗಿ ಬರೆದದ್ದು ಅದಾದ ಮೇಲೆಯೇ.

ವಾಕ್ಯ ಓದುವವ (ಅರಸೀಕೆರೆ)

ಸಹೋದರಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಪ್ರೀತಿ ಅಂದರೆ ಒಪ್ಪಿಗೆ ಅಲ್ಲ. ಬೈಬಲಿನ 1 ಕೊರಿಂಥ 10ನೇ ಅಧ್ಯಾಯ ನೋಡಿ. ಮಾರುಕಟ್ಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ ಅನ್ನುತ್ತಾನೆ ಪೌಲ. ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನೆ ಮಾಡದೆ ತಿನ್ನಿ ಅನ್ನುತ್ತಾನೆ. ಆದರೆ ಇದು ಪೂಜೆಗೆ ಇಟ್ಟದ್ದು ಅಂತ ಯಾರಾದರೂ ಹೇಳಿದರೆ ತಿನ್ನಬೇಡಿ, ಹೇಳಿದವನ ಸಲುವಾಗಿ ತಿನ್ನಬೇಡಿ ಅನ್ನುತ್ತಾನೆ. ನೀವು ಪ್ರಸಾದ ಬೇಡ ಅಂದದ್ದು ತಪ್ಪಲ್ಲ.

ಇದು ನನಗೆ ಪುಸ್ತಕದ ವಿಷಯ ಅಲ್ಲ. ನಮ್ಮ ಅಪ್ಪ ದೀಕ್ಷಾಸ್ನಾನ ತೆಗೆದುಕೊಂಡ ವಾರವೇ ಅಜ್ಜ ಮನೆಯಿಂದ ಹೊರಗೆ ಹಾಕಿದರು. ಅಮ್ಮನಿಗೆ ಮನೆಯ ಬಾವಿಯಿಂದ ನೀರು ಸೇದಲು ಬಿಡಲಿಲ್ಲ. ಅಪ್ಪ ಹೊಲ ಬಿಟ್ಟರು, ಅಣ್ಣತಮ್ಮಂದಿರನ್ನು ಬಿಟ್ಟರು. ಒಂದು ತುತ್ತು ಪ್ರಸಾದ ತಿಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ಊರಿನವರು ಇವತ್ತಿಗೂ ಅನ್ನುತ್ತಾರೆ. ಹಾಗಾಗಿ ನಾನು ಬೇಡ ಅಂದಾಗ ಅದು ಸೊಕ್ಕು ಅಲ್ಲ. ಅಪ್ಪ ಹಿಡಿದುಕೊಂಡದ್ದನ್ನು ನಾನೂ ಹಿಡಿದುಕೊಂಡಿದ್ದೇನೆ.

2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲೆ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಿದರೂ ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿ ಬರುತ್ತಾರೆ. ಎಲ್ಲರ ಮಾತನ್ನೂ ಕೇಳೋಣ. ನಮ್ಮ ಮಾತನ್ನೂ ಯಾರಾದರೂ ಕೇಳಬೇಕಲ್ವಾ?

ಬೇಲೂರಿನವ

ನಾನು ಕ್ರೈಸ್ತನಲ್ಲ. ಮಾತಾಡಬಹುದು ಅಂದುಕೊಂಡು ಬರೆಯುತ್ತಿದ್ದೇನೆ.

ಅರಸೀಕೆರೆಯ ಅಣ್ಣ, ನಿಮ್ಮ ಅಪ್ಪ ಅಮ್ಮನಿಗೆ ಆದದ್ದು ಅನ್ಯಾಯ. ಬಾವಿ ನೀರಿನ ಮಾತು ಓದಿ ಸಂಕಟವಾಯಿತು.

ನನ್ನ ಅನುಭವ ಹೇಳುತ್ತೇನೆ. ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಕ್ರೈಸ್ತ ಗೆಳೆಯ ಬಂದು ಹಾಸಿಗೆ ಪಕ್ಕ ಪ್ರಾರ್ಥನೆ ಮಾಡಿದ. ಅಮ್ಮನಿಗೆ ತುಂಬಾ ಇಷ್ಟವಾಯಿತು, ಕೈಮುಗಿದರು. ಆದರೆ ಆಮೇಲೆ ಅದೇ ಗೆಳೆಯನ ಜೊತೆ ಮಾತಾಡಲು ನನಗೆ ಹಿಂಜರಿಕೆ ಶುರುವಾಯಿತು. ನಾನು ಏನು ಹೇಳಿದರೂ ಅದು ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. ನನ್ನ ಮಾತು ಮುಗಿಯುವ ಮುಂಚೆಯೇ ಅವನ ಉತ್ತರ ರೆಡಿ ಇರುತ್ತಿತ್ತು. ಅವನು ನನ್ನನ್ನು ಪ್ರೀತಿಸುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಈಗ ಇರುವ ಹಾಗೇನಾ, ಮುಂದೆ ಆಗಬೇಕಾದ ಹಾಗೇನಾ ಅಂತ ತಿಳಿಯಲಿಲ್ಲ.

ಪ್ರಸಾದ ಬೇಡ ಅಂದರೆ ನಮಗೆ ಬೇಜಾರಿಲ್ಲ. ನಿಜವಾಗಿ ಹೇಳುತ್ತೇನೆ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರಲ್ಲ, ಮುಟ್ಟಿದರೆ ಏನೋ ಆಗುತ್ತದೆ ಅನ್ನುವ ಹಾಗೆ, ಅದು ನೋಯಿಸುತ್ತದೆ.

ನಮ್ಮೂರ ಚೆನ್ನಕೇಶವನ ತೇರು ಎಳೆಯುವ ಮುಂಚೆ ಮೌಲ್ವಿಯೊಬ್ಬರು ಕುರಾನಿನ ಸಾಲು ಓದುವ ಪದ್ಧತಿ ಹಿಂದಿನಿಂದ ಬಂದಿದೆ. ಕೆಲವು ವರ್ಷಗಳಿಂದ ಅದು ಬೇಡ ಅನ್ನುವ ಗಲಾಟೆಯೂ ಇದೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಕೇಳಿದ್ದೇನೆ. ಒಂದಕ್ಷರ ಅರ್ಥವಾಗಿಲ್ಲ. ಆದರೆ ಅಷ್ಟು ಜನ ಅಷ್ಟು ಹೊತ್ತು ಸುಮ್ಮನೆ ನಿಂತದ್ದು ನೆನಪಿದೆ.

ನೈಟ್ ಡ್ಯೂಟಿ (ಚಿಕ್ಕಮಗಳೂರು)

ನಾನು ನರ್ಸ್. ಚಿಕ್ಕದಾಗಿ ಬರೆಯುತ್ತೇನೆ, ಡ್ಯೂಟಿ ಮುಗಿಸಿ ಈಗ ಬಂದೆ.

ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರನ್ನು ನಾವೆಲ್ಲ ಬೈಯುತ್ತೇವೆ. ಆದರೆ ಅವರು ಬಂದವರೇ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅಲ್ಲಿವರೆಗೂ ಅವರಷ್ಟು ಒಳ್ಳೆಯವರು ಯಾರೂ ಇರಲಿಲ್ಲ. ಕೆಟ್ಟದ್ದು ಬಾಯಿ ತೆಗೆದ ಮೇಲೆ.

ಮಗು ಕಳೆದುಕೊಂಡ ಒಬ್ಬ ಮುಸ್ಲಿಂ ತಾಯಿಯ ಪಕ್ಕ ಒಂದು ರಾತ್ರಿ ಕೂತಿದ್ದೆ. ದೇವರ ಇಷ್ಟ, ಮತ್ತೆ ಮಕ್ಕಳಾಗುತ್ತವೆ, ಅಂತೆಲ್ಲ ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡೆ. ಮಗುವಿಗೆ ಏನು ಹೆಸರು ಇಡಬೇಕು ಅಂತಿದ್ರಿ ಅಂತ ಮಾತ್ರ ಕೇಳಿದೆ. ಆಮೇಲೆ ಬೆಳಗಿನವರೆಗೂ ಮಾತಾಡಿದ್ದು ಅವಳೇ. ಆ ಹೆಸರನ್ನು ಅವಳು ಎಷ್ಟು ಸಲ ಹೇಳಿದಳೋ.

ಮೇಷ್ಟ್ರು (ಚಿಕ್ಕಮಗಳೂರು)

ಕೇಳುವುದಕ್ಕೆ ಎರಡು ಅರ್ಥ ಅಂದಿರಲ್ಲ, ಮೂರನೆಯದೂ ಇದೆ. 'ಮಾತು ಕೇಳು' ಅಂದರೆ ಹೇಳಿದ ಹಾಗೆ ನಡೆದುಕೋ ಅಂತ. ನಿಮಗಿದ್ದ ಭಯ ಆ ಮೂರನೆಯದರದ್ದು ಅನಿಸುತ್ತದೆ. ಅವರ ಮಾತು ಕೇಳಿದರೆ ಅವರ ಹಾಗೇ ನಡೆಯಬೇಕಾಗುತ್ತದೆ ಅನ್ನುವ ಭಯ. ಹಾಗೇನೂ ಇಲ್ಲ.

ಲೂಕ 24ರಲ್ಲಿ ಎಮ್ಮಾಹುವಿನ ದಾರಿ ಇದೆಯಲ್ಲ, ಅದನ್ನು ಮತ್ತೊಮ್ಮೆ ಓದಿ. ಇಬ್ಬರು ಮುಖ ಬಾಡಿಸಿಕೊಂಡು ನಡೆಯುತ್ತಿದ್ದಾರೆ. ಶಿಲುಬೆಯಲ್ಲಿ ಸತ್ತು ಮತ್ತೆ ಎದ್ದ ಯೇಸು ಜೊತೆಗೆ ಸೇರುತ್ತಾನೆ, ಅವರಿಗೆ ಗುರುತು ಸಿಗುವುದಿಲ್ಲ. ಏನು ಮಾತಾಡಿಕೊಂಡು ಬರುತ್ತಿದ್ದೀರಿ ಅಂತ ಕೇಳುತ್ತಾನೆ. ನಿನಗೆ ಗೊತ್ತಿಲ್ಲವಾ, ಯೆರೂಸಲೇಮಿನಲ್ಲಿ ಏನೆಲ್ಲ ಆಯಿತು ಅಂತ ಅವರು ಅನ್ನುತ್ತಾರೆ. ಅದಕ್ಕೆ ಅವನು "ಏನಾಯಿತು?" ಅನ್ನುತ್ತಾನೆ. ನೋಡಿ, ಆದದ್ದೆಲ್ಲ ಅವನಿಗೇ ಆದದ್ದು! ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ಅವರ ಬಾಯಿಂದ ಇಡೀ ಕಥೆ ಕೇಳಿಸಿಕೊಂಡ. ಅವನು ವಿವರಿಸಲು ಶುರು ಮಾಡಿದ್ದು ಅವರದ್ದು ಮುಗಿದ ಮೇಲೆ. 40 ವರ್ಷ ಓದಿದ ಮೇಲೆ ಹೋದ ವರ್ಷ ಇದು ನನ್ನ ಕಣ್ಣಿಗೆ ಬಿತ್ತು.

ಕನ್ನಡದವರಾಗಿ ನಾವು ಕಿಟೆಲ್ ಅವರನ್ನೂ ನೆನೆಯಬೇಕು. ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ಬಂದರು. ಬಂದದ್ದು ಸುವಾರ್ತೆ ಹೇಳಲು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 1894ರಲ್ಲಿ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದಾಗ ಅದರಲ್ಲಿ ಸುಮಾರು 70 ಸಾವಿರ ಪದಗಳಿದ್ದವು. ಎಷ್ಟೊಂದು ಗಾದೆಗಳಿವೆ ಅದರಲ್ಲಿ! ಗಾದೆ ಒಂದು ಪುಸ್ತಕದೊಳಗೆ ಬರಬೇಕಾದರೆ ಯಾರೋ ಆಡಿರಬೇಕು, ಯಾರೋ ಕೇಳಿಸಿಕೊಂಡಿರಬೇಕು. ಅವರಿಗಿಂತ ಮೊದಲು ಬಂದ ಮೊಗ್ಲಿಂಗ್ ದಾಸರ ಪದಗಳನ್ನು ಸೇರಿಸಿ ಅಚ್ಚು ಹಾಕಿಸಿದರು. ಸಾರಲು ಬಂದ ಪಾದ್ರಿ ಕೂತು ಪುರಂದರದಾಸರ ಪದ ಬರೆದುಕೊಳ್ಳುತ್ತಿದ್ದ ಚಿತ್ರವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಅವರ ನಂಬಿಕೆ ಅದರಿಂದ ಕರಗಲಿಲ್ಲ.

ಮತ್ತೊಂದು. ನಮ್ಮ ಗುಡ್ಡಗಳ ಕಾಫಿ ಯೆಮನ್‌ನ ಮೋಕಾದಿಂದ ಬಾಬಾ ಬುಡನ್ ತಂದ ಏಳು ಬೀಜಗಳಿಂದ ಶುರುವಾಯಿತು ಅಂತ ಇಲ್ಲಿ ಎಲ್ಲರೂ ಹೇಳುತ್ತೇವೆ. ಕ್ರೈಸ್ತರ ತೋಟ, ಗೌಡರ ತೋಟ, ಸಾಬರ ಮಂಡಿ ಎಲ್ಲಕ್ಕೂ ಅದೇ ಬೀಜ. ದಿನಾ ಬೆಳಿಗ್ಗೆ ಕುಡಿಯುತ್ತೇವೆ. ಬಾಬಾ ಬುಡನ್ ಗಿರಿ ಯಾರದ್ದು ಅನ್ನುವ ವಿಷಯ ಬಂದಾಗ ಮಾತ್ರ ಯಾರಿಗೂ ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಇರುವುದಿಲ್ಲ.

ಮುಳುಗಡೆ ಮೊಮ್ಮಗಳು (ಶೆಟ್ಟಿಹಳ್ಳಿ ಕಡೆ)

ನಮ್ಮ ಅಜ್ಜಿಯ ಊರು ಗೊರೂರು ಅಣೆಕಟ್ಟಿನ ನೀರಿಗೆ ಹೋಯಿತು. ಶೆಟ್ಟಿಹಳ್ಳಿಯ ಹಳೇ ಚರ್ಚಿಗೆ ವಾರಕ್ಕೊಮ್ಮೆ ಹೋಗುತ್ತಿದ್ದವರು. ಈಗ ಅಲ್ಲಿ ಫೋಟೋ ತೆಗೆಯಲು ಬೆಂಗಳೂರಿನಿಂದ ಕಾರು ಬರುತ್ತವೆ. ಫ್ರೆಂಚರು ಕಟ್ಟಿದ್ದಾ, ಎಷ್ಟು ಹಳೇದು, ಯಾವ ತಿಂಗಳು ಮುಳುಗುತ್ತೆ ಅಂತ ಕೇಳುತ್ತಾರೆ. ನೀವು ಎಲ್ಲಿ ಮೊಣಕಾಲೂರಿ ಕೂರುತ್ತಿದ್ರಿ ಅಂತ ಅಜ್ಜಿಯನ್ನು ಕೇಳಿದ್ದು ಒಬ್ಬಳೇ, ಹಿಜಾಬ್ ಹಾಕಿಕೊಂಡಿದ್ದ ಕಾಲೇಜು ಹುಡುಗಿ. ಅಜ್ಜಿ ಅವಳ ಕೈ ಹಿಡಿದುಕೊಂಡು ಆ ಜಾಗಕ್ಕೇ ಕರೆದುಕೊಂಡು ಹೋದರು.

ಹೇಮಾವತಿ ದಡ (ಹಾಸನ)

ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತನ್ನು ಎರಡೆರಡು ಸಲ ಓದಿದೆ. ಅರಸೀಕೆರೆಯ ಸಹೋದರರೇ, ನಿಮ್ಮ ಅಪ್ಪನ ಹೆಜ್ಜೆಗೆ ನನ್ನ ಗೌರವ ಇದೆ. ನಾನೂ ಪ್ರಸಾದ ತಿನ್ನಲು ಶುರು ಮಾಡುವುದಿಲ್ಲ. ಅದರಲ್ಲಿ ಬದಲಾವಣೆ ಇಲ್ಲ.

ಶನಿವಾರ ಅಕ್ಕನ ಮನೆಗೆ ಹೋದೆ. ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತು ಒಂದು ಹಿಡಿ ಕಾಳು ತೆಗೆದುಕೊಂಡು ಹಿತುಕತೊಡಗಿದೆ. ತುಂಬಾ ಹೊತ್ತಿನ ಮೇಲೆ ಕೇಳಿದೆ: "ಅಕ್ಕ, ಹಾಸನಾಂಬೆ ಸಾಲಲ್ಲಿ ಅಷ್ಟೊತ್ತು ನಿಂತು ಏನು ಬೇಡ್ಕೋತೀರ?"

ಅವರ ಕೈ ನಿಂತಿತು. "ಬೇಡ್ಕೊಳ್ಳೋದು ಏನೂ ಇಲ್ಲ ಕಣಮ್ಮ. ಮದುವೆಗೆ ಮುಂಚೆಯಿಂದ ಅಮ್ಮನ ಜೊತೆ ಹೋಗ್ತಿದ್ದೆ. ಸಾಲಲ್ಲಿ ಅಮ್ಮ ಮುಂದೆ, ನಾನು ಹಿಂದೆ. ಈಗ್ಲೂ ನಿಂತ್ರೆ ಮುಂದೆ ಅಮ್ಮನ ಸೆರಗು ಕಂಡಂಗಾಗುತ್ತೆ."

ಆಮೇಲೆ ಮಗಳ ವಿಷಯ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನಗೆ ಮಾತ್ರ ಹೇಳಿದ್ದು. ನಡುವೆ ನಾಲ್ಕೈದು ಸಲ ನನಗೆ ಬೈಬಲ್ ವಾಕ್ಯ ನೆನಪಾಯಿತು, ಹೇಳಿಬಿಡಲಾ ಅನಿಸಿತು. ಹೇಳಲಿಲ್ಲ. ಎದ್ದಾಗ ಸಂಜೆಯಾಗಿತ್ತು.

ಹೊರಡುವಾಗ ಪೊಟ್ಟಣದ ವಿಷಯಕ್ಕೆ ಕ್ಷಮೆ ಕೇಳಿದೆ. ನನ್ನ ನಂಬಿಕೆಯಲ್ಲಿ ಪ್ರಸಾದ ತಿನ್ನಲು ಆಗುವುದಿಲ್ಲ, ಆದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಬಾರದಿತ್ತು ಅಂದೆ. ಅಕ್ಕ ನನ್ನ ಮುಖವನ್ನೇ ನೋಡಿದರು.

"ಅದು ಪ್ರಸಾದ ಅಲ್ವಲ್ಲೇ," ಅಂದರು. "ಮೊದಲನೇ ವರ್ಷ ನೀನು ತಗೊಳ್ಳಲ್ಲ ಅಂದ್ಯಲ್ಲ. ಮಾರನೇ ವರ್ಷದಿಂದ ನಿಮ್ಮದನ್ನ ಗುಡಿ ಒಳಗೆ ತಗೊಂಡೇ ಹೋಗಿಲ್ಲ. ಬರ್ತಾ ರಸ್ತೇಲಿ ಅಂಗಡೀಲಿ ತಗೊಂಡಿದ್ದು. ಬೆಂಡು ಬತ್ತಾಸು. ನಿನ್ನ ಮಗನಿಗೆ ಅಂತ."

ಯಾಕೆ ಹೇಳಲಿಲ್ಲ ಅಕ್ಕ ಅಂದೆ.

"ನೀನು ಹೇಳೋಕೆ ಎಲ್ಲಿ ಬಿಟ್ಟೆ? ಬಾಗಿಲು ತೆಗೆದ ತಕ್ಷಣ ಬೇಡ ಅಂತಿದ್ದೆ."

ಹತ್ತು ವರ್ಷ. ನನ್ನ ನಂಬಿಕೆಯನ್ನು ಅವರು ಒಂದೇ ಸಲ ಕೇಳಿ ನೆನಪಿಟ್ಟುಕೊಂಡರು. ಅದಕ್ಕೆ ತಕ್ಕ ಹಾಗೆ ಪ್ರತಿ ವರ್ಷ ಬೇರೆ ಪೊಟ್ಟಣ ಕಟ್ಟಿಸಿದರು. ನಾನು ಅದರಲ್ಲಿ ಏನಿದೆ ಅಂತಲೂ ನೋಡಲಿಲ್ಲ. ಮನೆಗೆ ಬಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ವಾಕ್ಯ ಓದುವವ (ಅರಸೀಕೆರೆ)

ಮಾರುಕಟ್ಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ ಅನ್ನುವ ವಾಕ್ಯ ನಾನೇ ಬರೆದಿದ್ದೆ. ನಿಮ್ಮ ಪೊಟ್ಟಣ ಅದೇ ಆಗಿತ್ತು. ಇವತ್ತು ನನಗೆ ಹೇಳಲು ಮಾತಿಲ್ಲ ಸಹೋದರಿ.

ಬೇಲೂರಿನವ

ಅರಸೀಕೆರೆಯ ಅಣ್ಣ, ನೀವು ಬರೆದಾಗಿನಿಂದ ಒಂದು ಕೇಳಬೇಕು ಅಂತಿದ್ದೇನೆ. ತಪ್ಪಾದರೆ ಬಿಟ್ಟುಬಿಡಿ. ನಿಮ್ಮ ಅಜ್ಜ ಆಮೇಲೆ ನಿಮ್ಮ ಅಪ್ಪನನ್ನು ಮಾತಾಡಿಸಿದರಾ?

ವಾಕ್ಯ ಓದುವವ (ಅರಸೀಕೆರೆ)

ತಪ್ಪೇನಿಲ್ಲ. ಮಾತಾಡಿಸಲಿಲ್ಲ. ತೀರಿಕೊಂಡಾಗ ಅಪ್ಪನಿಗೆ ಸುದ್ದಿ ಬಂದದ್ದು ಮೂರು ದಿನ ಬಿಟ್ಟು.

ದೊಡ್ಡಪ್ಪನ ಮಗ ಈಗಲೂ ಆ ಮನೆಯಲ್ಲೇ ಇದ್ದಾನೆ. ನನ್ನದೇ ವಯಸ್ಸು. ನಾನು ಕೆಲಸಕ್ಕೆ ಹೋಗುವ ಬಸ್ಸು ಆ ಊರಿನಲ್ಲಿ ನಿಲ್ಲುತ್ತದೆ. ಕಿಟಕಿಯಿಂದ ಬಾವಿಯ ಕಟ್ಟೆ ಕಾಣುತ್ತದೆ. ಒಂದು ದಿನವೂ ಇಳಿದಿಲ್ಲ. ಅವನ ಮನೆಯಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೋ ನನಗೆ ಗೊತ್ತಿಲ್ಲ. ಅವನಿಗೆ ಈಗ ಎಷ್ಟು ಮಕ್ಕಳು ಅಂತಲೂ ಗೊತ್ತಿಲ್ಲ.

ಬೇಲೂರಿನವ

ಭಾನುವಾರ ನಾನು ಅರಸೀಕೆರೆ ಕಡೆ ಬರುವವನಿದ್ದೇನೆ. ನಿಮ್ಮ ಸಭೆ ಎಷ್ಟು ಗಂಟೆಗೆ ಮುಗಿಯುತ್ತದೆ? ಇಳಿಯುವುದಾದರೆ ಜೊತೆಗೆ ಬರುತ್ತೇನೆ.